ಶೇಗಾಂವ ರಸ್ತೆಯ ನಲವತ್ತೊಂದು ಹೆಬ್ಬೆಟ್ಟು

ಮಂಗಳವಾರ, ಫೆಬ್ರವರಿ 8, 1977. ಬೆಳಿಗ್ಗೆ 7.10. ಜತ್ತದಿಂದ ಶೇಗಾಂವಕ್ಕೆ ಹೊರಟ ಬಸ್ಸು. ಮೊಣಕಾಲ ಮೇಲೆ ಡೈರಿ ಇಟ್ಟು ಬರೆದೆ. ಒಂದಕ್ಷರವೂ ಸೊಟ್ಟಗಾಗಲಿಲ್ಲ.

"ಏನ್ರಿ ಮಾಸ್ತರ, ಬಸ್ಸಿನ್ಯಾಗೂ ಹಾಜರಿ ತಗೋತೀರೇನು?" ಕಂಡಕ್ಟರ್ ನಕ್ಕ.

"ರಸ್ತಾ ಚಲೋ ಐತಿ, ಬರ್ಯಾಕ ಬರ್ತೈತಿ" ಎಂದೆ. (ಈ ರಸ್ತೆಗೆ ಖಡಿ ಕಲ್ಲು ಒಡೆಯುವಾಗ ನಾನಿದ್ದೆ ಎಂದು ಹೇಳಲಿಲ್ಲ.)

ಮನೆಗೆ ಬಂದು ಹಳೆಯ ಡೈರಿ ತೆಗೆದೆ. 1971, ಫೆಬ್ರವರಿ 10, ಬುಧವಾರ. "ಹಾಜರಿ 43. ಸಹಿ 2, ಹೆಬ್ಬೆಟ್ಟು 41."

ಸಹಿ ಒಂದು ಕೂಲಿಗಳ ಮೇಲ್ವಿಚಾರಕ ಮುಕಾದಮನದು, ಇನ್ನೊಂದು ನನ್ನದು. ಎಸ್ಸೆಸ್ಸಿ ಪಾಸಾಗಿ, ಈ ರಸ್ತೆ ಕೆಲಸದಲ್ಲಿ ಕೂಲಿಗಳ ಹಾಜರಿ ಪುಸ್ತಕ, ಅಂದರೆ ಮಸ್ಟರ್, ಬರೆಯುವ ಕಾರಕೂನನಾಗಿದ್ದೆ. ಇಡೀ ರಸ್ತೆಗೆ ಕಾರಕೂನ ಒಬ್ಬನೇ. ಉಳಿದ ಓದಿದವರು? ಅವರಿಗೆ ಕಲ್ಲು ಹೊರುವ ಕೆಲಸವೂ ಇಲ್ಲ. "ಓದಿದವ್ರು ಎರಡ ದಿನ ಕಲ್ಲ ಹೊರ್ತಾರ, ಮೂರನೇ ದಿನ ಅರ್ಜಿ ಬರೀತಾರ" ಎನ್ನುತ್ತಿದ್ದರು ಓವರ್ಸಿಯರ್ ಸಾಹೇಬರು.

ಆ ನಲವತ್ತೊಂದರಲ್ಲಿ ಒಂದು ಹೆಬ್ಬೆಟ್ಟು ಸುಳ್ಳು. ಅದು ಬಾಲಗಾಂವದ ಬೀರಪ್ಪನದು. ನನ್ನ ಬೆಂಚಿನಲ್ಲೇ ಕೂತು ಪಾಸಾದವನು, ಗಣಿತದಲ್ಲಿ ನನಗಿಂತ ಮುಂದು. ಈ ಕೆಲಸ ತಪ್ಪಿದರೆ ಕಬ್ಬು ಕಡಿಯಲು ಊರು ಬಿಡಬೇಕಿತ್ತು. ಅದಕ್ಕೇ ಓದು ಬಾರದವನಾದ. ನಾನೂ ಅವನ ಗುರುತೇ ಇಲ್ಲದವನಂತಾದೆ.

ಮಧ್ಯಾಹ್ನ ಬೇವಿನ ನೆರಳು, ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬೀರಪ್ಪ ಉಂಡ ಮೇಲೆ ಕೂತಲ್ಲೇ ಉಣ್ಣೆ ನೂಲುತ್ತಿದ್ದ.

"ಕಾರಕೂನ ಸಾಹೇಬ್ರ, ನಿಮ್ಮ ಪೆನ್ನು ಭಾರ ಆದ್ರ ಹೇಳ್ರಿ, ನಾ ಹೊರ್ತೀನಿ" ಎಂದು ಚುಡಾಯಿಸುತ್ತಿದ್ದ. ಅಷ್ಟು ನಕ್ಕ ಮಧ್ಯಾಹ್ನಗಳು ಆಮೇಲೆ ನನ್ನ ಡೈರಿಯಲ್ಲಿಲ್ಲ.

ಆ ಬುಧವಾರ ಸಂಜೆ ಅವನ ಹೆಬ್ಬೆರಳು ಹಿಡಿದು ಮಸ್ಟರಿಗೆ ಒತ್ತಲು ಹೋದೆ. ಅವನು ಕೈ ಎಳೆದುಕೊಂಡ.

"ಅದು ಗಂಗವ್ವಾಯಿ ಸಾಲು. ಮುದುಕಿ ಹಾಜರಿ ಹೋಗ್ತೈತಲ್ಲೋ. ನಂದು ಕೆಳಗೈತಿ."

ಹಿಂದೆಯೇ ಓವರ್ಸಿಯರ್ ನಿಂತಿದ್ದರು. "ಓದಾಕ ಬರ್ತೈತೇನು ನಿನಗ?"

ಬೀರಪ್ಪ ಹೆಬ್ಬೆಟ್ಟಿಗೆ ಕಾದು ನಿಂತ ಮುದುಕಿ ಗಂಗವ್ವನ ಕಡೆ ನೋಡಿದ. ಆಮೇಲೆ, "ಬರ್ತೈತ್ರಿ. ಎಸ್ಸೆಸ್ಸಿ."

"ನಾಳಿಂದ ಬರಬ್ಯಾಡ."

ಸಾಲು ತಪ್ಪಿದವನು ನಾನು. ಕೆಲಸ ಕಳೆದುಕೊಂಡವನು ಅವನು. 'ಇವನು ನನ್ನ ಗೆಳೆಯ, ಎರಡು ವಾರದಿಂದ ಒಂದು ದಿನವೂ ತಪ್ಪಿಸಿಲ್ಲ' ಎನ್ನಬಹುದಿತ್ತು. ಹಾಜರಿ ನನ್ನ ಕೈಯಲ್ಲೇ ಇತ್ತಲ್ಲ? ಗುರುವಾರದ ಲೆಕ್ಕ: "ಹಾಜರಿ 42." ಅಷ್ಟೇ ಬರೆದೆ.

ರಸ್ತೆ ಬಂತು, ಬಸ್ಸು ಬಂತು. ತಾಲೂಕು ಮುಂದೆ ಹೋಯಿತು ಎನ್ನುತ್ತಾರೆ, ನಿಜ. ಆದರೆ ಓದದವನಿಗೆ ಕಲ್ಲು, ಓದಿದ ಒಬ್ಬನಿಗೆ ಪೆನ್ನು ಕೊಟ್ಟ ರಸ್ತೆ, ಇವರಿಬ್ಬರ ನಡುವಿನವನಿಗೆ ಏನು ಕೊಟ್ಟಿತು?

ಬಾಲಗಾಂವದ ಬೀರಪ್ಪ ಈಗ ಎಲ್ಲಿದ್ದಾನೆ? ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಅವನೇ ಇದನ್ನು ಓದುತ್ತಿದ್ದರೆ ಅವನೇ ಬರೆಯಲಿ, ಬೈದೇ ಬರೆಯಲಿ. ಕೆಳಗೆ ಮಾತ್ರ ಹೆಬ್ಬೆಟ್ಟಲ್ಲ, ಸಹಿ ಮಾಡಲಿ.