ಮಿನೋದಾನಿಗೆ ಬಂದ ಫೋನುಗಳು

ಅಮೆರಿಕದ ಕ್ಯಾರಿ ಎಂಬ ಊರಿನ ಗುರುದತ್‌ಗೆ ಶಿಗೇರು ಮಿನೋದಾ ಎಂದರೆ ಪ್ರಾಣ. ಮೈಸೂರಿನಿಂದ ಅಮೆರಿಕಕ್ಕೆ ಬರುವ ಮುಂಚೆ ಕಂಪನಿಯವರು ಅವನನ್ನು ಕೆಲವು ತಿಂಗಳು ಟೋಕಿಯೋಗೆ ಕಳಿಸಿದ್ದರು. ಹುಚ್ಚು ಅಂಟಿದ್ದು ಅಲ್ಲೇ. ಮಿನೋದಾ ಪಿಯಾನೋ ನುಡಿಸುತ್ತಿದ್ದ, ಬೇರೆಯವರ ಆಲ್ಬಂಗಳನ್ನು ನಿರ್ಮಿಸಿಯೂ ಕೊಡುತ್ತಿದ್ದ. ಅವನು ಮಾಡಿಕೊಟ್ಟವು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಅವನ ಸ್ವಂತದ್ದನ್ನು ಮಾತ್ರ ನಾಯಿಯೂ ಮೂಸುತ್ತಿರಲಿಲ್ಲ. ಅವನ ಓರಗೆಯ ಕೋಜಿ ಹಯಾಸೆಯ ಸಿಡಿಗಳಾದರೋ ಪಕ್ಕದೂರು ಡರ್ಹಮ್‌ನಲ್ಲೂ ಸಿಗುತ್ತಿದ್ದವು. ಈ ಅನ್ಯಾಯ ಗುರುದತ್‌ಗೆ ಸಹಿಸಲಾಗಲಿಲ್ಲ.

ಅದಕ್ಕೇ ಡರ್ಹಮ್‌ನ ಪುಟ್ಟದೊಂದು ರೇಡಿಯೋ ಸ್ಟೇಷನ್ನಿನಲ್ಲಿ ಶನಿವಾರ ಸಂಜೆಯ ಅರ್ಧ ಗಂಟೆಯನ್ನು ಕೇಳಿ ಪಡೆದಿದ್ದ. ಸಂಬಳವಿಲ್ಲ, ಸನ್ಮಾನವಿಲ್ಲ. ವಾರವೆಲ್ಲ ಕಂಪ್ಯೂಟರ್ ಮುಂದೆ ಮಂಕಾಗಿ ಕೂರುವ ಮನುಷ್ಯ ಮೈಕಿನ ಮುಂದೆ ಅರಳುತ್ತಿದ್ದ. ೧೯೯೬ರ ಜನವರಿಯಲ್ಲಿ ಅದಕ್ಕೂ ಕಲ್ಲು ಬಿತ್ತು. ಡೇಲ್ ಎಂಬವನು ಅದೇ ಸ್ಟೇಷನ್ನಿನಲ್ಲಿ ಹಯಾಸೆಯ ಸಂಗೀತ ಹಾಕುತ್ತಿದ್ದ. ಜಪಾನಿಗೆ ಒಂದು ಕಾರ್ಯಕ್ರಮ ಸಾಕು, ಬರುವ ಶನಿವಾರ ಯಾರಿಗೆ ಹೆಚ್ಚು ಫೋನ್ ಬರುತ್ತದೋ ಅವರು ಉಳಿಯಲಿ ಎಂದು ಮ್ಯಾನೇಜರ್ ತೀರ್ಪು ಕೊಟ್ಟ.

ಗುರುದತ್ ಎಲ್ಲರೂ ಒಂದೊಂದು ಅಡುಗೆ ತರುವ ಕನ್ನಡ ಸಂಘದ ಸಂಕ್ರಾಂತಿ ಪಾಟ್‌ಲಕ್‌ಗೆ ಹೋಗಿ, ಎಳ್ಳು-ಬೆಲ್ಲದ ಜೊತೆಗೇ ಎಲ್ಲರ ಕೈಹಿಡಿದ.

"ಅಂಕಲ್, ಪ್ಲೀಸ್, ಶನಿವಾರ ಕೇಳ್ಬಿಟ್ಟು ಒಂದು ಫೋನ್ ಮಾಡಿ. ಮಿನೋದಾ ಇಷ್ಟ ಆದ ಅಂದ್ರೆ ಸಾಕು."

"ಮಾಡ್ದೆ ಇರ್ತೀವೇನಯ್ಯಾ!" ಎಂದರು ಸಂಘದ ಹಿರಿಯ ಕೇಶವಮೂರ್ತಿ.

ಶನಿವಾರ ಗುರುದತ್ ತನ್ನಲ್ಲಿದ್ದ ಉತ್ತಮವಾದದ್ದನ್ನೇ ಹಾಕಿದ. ಸ್ಟೇಷನ್ನಿನ ನಂಬರನ್ನು ಮತ್ತೆ ಮತ್ತೆ ಹೇಳಿದ. ಬಂದದ್ದು ಒಂದೇ ಕರೆ. ಅದೂ ಡೇಲ್ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ಕೇಳಲು. ಡೇಲ್ ಕೂತ ಮೇಲೆ ಫೋನಿಗೆ ಪುರುಸೊತ್ತೇ ಇರಲಿಲ್ಲ. ಮ್ಯಾನೇಜರ್ ಗುರುದತ್‌ನ ಬೆನ್ನು ತಟ್ಟಿ ಕಳಿಸಿಕೊಟ್ಟ.

ಮನೆಯಲ್ಲಿ ಹೆಂಡತಿ ಊರ್ಮಿಳಾ ಬಾಗಿಲಲ್ಲೇ ಹಿಗ್ಗಿ ನಿಂತಿದ್ದಳು. "ರೀ, ಸಂಜೆಯಿಂದ ಫೋನ್ ಕೆಳಗಿಟ್ಟಿಲ್ಲ! ವಸಂತಾ, ಉಷಾ ಆಂಟಿ, ಎಲ್ರೂ ಮಾಡಿದ್ರು. ಪ್ರೋಗ್ರಾಂ ಸೂಪರ್ ಅಂತೆ!"

ಗುರುದತ್ ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕುಸಿದ. ನಮ್ಮವರನ್ನು ಬೈಯುವುದಾದರೂ ಹೇಗೆ? ಮದುವೆ ಊಟ ಚೆನ್ನಾಗಿದ್ದರೆ ಯಾರು ಅಡುಗೆಯವರನ್ನು ಹುಡುಕಿಕೊಂಡು ಹೋಗುತ್ತಾರೆ? ಕರೆದವರಿಗೆ ಹೇಳಿ ಹೊರಡುತ್ತಾರೆ. ಗುರುತು ಪರಿಚಯವಿಲ್ಲದ ಸ್ಟೇಷನ್ನಿಗೆ ಫೋನ್ ಮಾಡಿ ಹೊಗಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಫೋನ್ ಮತ್ತೆ ಬಡಿದುಕೊಂಡಿತು. ಕೇಶವಮೂರ್ತಿ.

"ಗುರು, ನಿನ್ನ ಮಿನೋದಾ ಕಣ್ಣಲ್ಲಿ ನೀರು ತರಿಸ್ಬಿಟ್ಟ ಕಣಯ್ಯಾ. ಮುಂದಿನ ಶನಿವಾರ ಇನ್ನೂ ನಾಲ್ಕು ಮನೆಯವ್ರನ್ನ ಕೂರಿಸ್ಕೊಂಡು ಕೇಳ್ತೀವಿ."

ಇಷ್ಟು ದಿನ ಇಂಥದೊಂದು ಮಾತಿಗೇ ಗುರುದತ್ ಕಾದಿದ್ದ.

"ಮುಂದಿನ ಶನಿವಾರ ಇಲ್ಲ ಅಂಕಲ್. ಕ್ಯಾನ್ಸಲ್ ಮಾಡಿದ್ರು. ಸ್ಟೇಷನ್‌ಗೆ ನಮ್ಮವರು ಯಾರೂ ಫೋನ್ ಮಾಡ್ಲಿಲ್ಲ."



"ಅವ್ರಿಗ್ಯಾಕಯ್ಯಾ ಮಾಡ್ಬೇಕಿತ್ತು?" ಎಂದರು ಕೇಶವಮೂರ್ತಿ. "ಕೇಳಿಸಿದ್ದು ನೀನಲ್ವಾ?"