ಮೂಲೆಯಿಂದ ಮೂಲೆಗೆ ಹದಿನೈದಡಿ

ಮೇಸ್ತ್ರಿಗೆ ತಲೆ ಕೆಟ್ಟು ಕೆರ ಹಿಡಿಯುವುದೊಂದು ಬಾಕಿ. ಹಳೇ ಮನೆಯ ಹಿಂಬದಿ ಗೋಡೆಗೆ ಅಂಟಿಸಿ ಒಂದೇ ಒಂದು ಕೋಣೆ ಎಬ್ಬಿಸಬೇಕು, ಹನ್ನೆರಡಡಿ ಉದ್ದ, ಒಂಬತ್ತಡಿ ಅಗಲ. ಇದೇನು ಅರಮನೆಯೇ? ನಾಲ್ಕು ಮೂಲೆಗೆ ಗೂಟ ಹೊಡೆದು, ಗೂಟದ ತಲೆಗೆ ಮೊಳೆ ಬಡಿದು, ದಾರ ಎಳೆದಾಗಿತ್ತು. ಇನ್ನು ಟೇಪಿನ ತುದಿಯನ್ನು ಒಂದು ಮೊಳೆಗೆ ಸಿಕ್ಕಿಸಿ ಓರೆಯಾಗಿ ಮೂಲೆಯಿಂದ ಮೂಲೆಗೆ ಹಿಡಿದರೆ ಎರಡು ಕಡೆಯೂ ಹದಿನೈದಡಿ ಬರಬೇಕು. ಬರದಿದ್ದರೆ ಕೋಣೆ ಸೊಟ್ಟ.

ಒಂದು ಕಡೆ ಹದಿನೈದು ಬಂತು. ಇನ್ನೊಂದು ಕಡೆ ಎರಡಿಂಚು ಹೆಚ್ಚು. ಗೂಟ ಕಿತ್ತು ಸರಿಸಿದ. ಮೂಲೆ ಕೂಡಿತು, ಉದ್ದ ತಪ್ಪಿತು. ಉದ್ದ ಸರಿಮಾಡಿದ, ಎರಡಿಂಚು ಮತ್ತೆ ಹಾಜರು! ಗೋಡೆಯನ್ನು ಬೈದ, ಟೇಪನ್ನು ಬೈದ, ಬಿಸಿಲಿಗೂ ಒಂದು ಪಾಲು ಕೊಟ್ಟ.

ಪಾಯ ಅಗೆಯುವ ಆಳುಗಳ ಜೊತೆ ಮಗ ನೆರಳಲ್ಲಿ ಕಾಯುತ್ತಿದ್ದ. ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದ: "ಅಪ್ಪಾ, ನಿಮ್ಮ ಕಣ್ಣು ಮೋಸ ಮಾಡ್ತಿದೆ. ಹೋದ ಸಲ ಕಟ್ಟಿದ ಮನೇಲಿ ಟೈಲ್ಸ್ ಹಾಕೋರು ಸೊಟ್ಟ ಮೂಲೆ ನೋಡಿ ಬೈಕೊಂಡು ಹೋದ್ರು. ಇವತ್ತೂ ಕೂಡ್ಲಿಲ್ಲ ಅಂದ್ರೆ ಟೇಪು ನನಗೆ ಕೊಟ್ಟು ಮನೇಲಿರಿ."

"ಅಲ್ಲೂ ಕೂಡಿತ್ತು ಕಣೋ! ನಿಮ್ಮಮ್ಮನೇ ಟೇಪಿನ ಆ ತುದಿ ಹಿಡಿದಿದ್ಲು, ಕೇಳು" ಎಂದಿದ್ದ ಮೇಸ್ತ್ರಿ. ಕೂಡಿದ ಮೂಲೆ ಸೊಟ್ಟ ಹೇಗಾಯಿತು ಎಂಬುದು ಅವನಿಗೆ ಇವತ್ತಿಗೂ ಬಗೆಹರಿದಿರಲಿಲ್ಲ. ಟೇಪು ಹೋದರೆ ತಾನು ಯಾರು ಎಂಬ ಭಯ ಬೇರೆ.

ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದ ಹೆಂಡತಿ ಅಷ್ಟರಲ್ಲಿ ಬಂದಳು. ಗಂಡನ ಮುಖ ನೋಡಿದ್ದೇ ಸೆರಗು ಸಿಕ್ಕಿಸಿಕೊಂಡು ಟೇಪಿನ ತುದಿ ಹಿಡಿದು ಕೂತಳು.

"ಎಷ್ಟು ಬಂತು?"

"ಅದೇ ಹಾಳಾದ್ದು, ಎರಡಿಂಚು ಹೆಚ್ಚು."

"ಎಳೆದು ನೋಡಿ ಇನ್ನೊಂದ್ಸಲ."

ನೋಡಿದ. ಹದಿನೈದು! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. "ಬಂತು ಕಣೇ, ಬಂತು!" ಎಂದು ಟೇಪು ಬಿಗಿಹಿಡಿದೇ ದಾರ ದಾಟಿ ಅವಳ ಕಡೆ ಓಡಿದ. ಅವಳು ಕೈ ತೆಗೆಯಲು ಮರೆತಿದ್ದಳು. ಟೇಪಿನ ತುದಿ ಮೊಳೆಯ ಮೇಲಿರಲಿಲ್ಲ, ಎರಡಿಂಚು ಈಚೆಗಿತ್ತು. ನಡುವಿನ ಜಾಗವನ್ನು ಅವಳ ಅಂಗೈ ಮುಚ್ಚಿತ್ತು.

"ಇದು ಎಷ್ಟು ದಿನದಿಂದ?"

"ಹೋದ ವರ್ಷದಿಂದ" ಎಂದಳು, ತಲೆ ಎತ್ತದೆ. "ಕೂಡ್ಲಿಲ್ಲ ಅಂದ್ರೆ ನೀವು ಊಟ ಬಿಟ್ಟು ಕೂರ್ತೀರಿ. ನನ್ನ ಕೈಲಿ ನೋಡಕ್ಕಾಗಲ್ಲ."

ಹೋದ ವರ್ಷ ಎಬ್ಬಿಸಿದ ಗೋಡೆಗಳೆಲ್ಲ ಮೇಸ್ತ್ರಿಯ ಕಣ್ಣೆದುರು ಬಂದವು. ಯಾವುದು ನೇರ, ಯಾವುದು ಸೊಟ್ಟ, ಒಂದೂ ತಿಳಿಯಲಿಲ್ಲ. ಸಿಟ್ಟು ಬಂತು.

"ಅಪ್ಪಾ, ಕೂಡ್ತಾ? ಸುಣ್ಣದ ಗೆರೆ ಎಳೀಲಾ?" ಮಗ ಕೂಗಿದ.

ಹೂಂ ಅಂದರೆ ಮುಗಿಯಿತು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

"ಬೇಡ. ಎರಡಿಂಚು ತಪ್ಪಿದೆ. ನೀನೇ ಬಂದು ಅಳೆ."

ಟೇಪನ್ನು ಮಗನ ಕೈಗೆ ಕೊಟ್ಟು, ಹೆಂಡತಿಯನ್ನು ಎಬ್ಬಿಸಿಕೊಂಡು ಹೋಗಿ ಮರಳಿನ ಗುಡ್ಡೆಯ ಮೇಲೆ ಅವಳ ಪಕ್ಕ ಕೂತ.

"ಬೈದುಬಿಡಿ ನನ್ನ" ಎಂದಳು ಅವಳು.

"ಏನಂತ ಬೈಲಿ ಹೇಳು" ಎಂದ ಮೇಸ್ತ್ರಿ. "ನನಗೆ ಅದೂ ತಿಳೀತಿಲ್ಲ."