ಘಟ್ಟದ ಕೆಳಗಿನ ಗೊಬ್ಬರ

ಶಿರಸಿಯ ಮೀನು ಮಾರುಕಟ್ಟೆಯಲ್ಲಿ ಚನ್ನಬಸವನನ್ನು ಕಂಡರೆ ಬೆಕ್ಕುಗಳಿಗೂ ಆಗುತ್ತಿರಲಿಲ್ಲ. ಉತ್ಪ್ರೇಕ್ಷೆಯಲ್ಲ. ಮೀನು ತಿನ್ನುವವರು ಬೆಕ್ಕಿಗೆ ಗೊತ್ತು, ಮಾರುವವರೂ ಗೊತ್ತು. ಮೀನನ್ನು ಹಲಗೆಯ ಮೇಲೆ ಮಲಗಿಸಿ, ಮೂತಿಯಿಂದ ಬಾಲದ ತನಕ ಅಳೆದು, ಮತ್ತೆ ಬುಟ್ಟಿಗೇ ಹಾಕಿ ಕೈ ಒರೆಸಿಕೊಂಡು ಹೋಗುವ ಮನುಷ್ಯ ಎಂಥವನೆಂದು ಪಾಪ ಅವಕ್ಕೆ ಹೇಗೆ ತಿಳಿಯಬೇಕು! ಅವನು ಬಂದ ಕೂಡಲೇ ಬೆಕ್ಕುಗಳು ದೂರ ಸರಿದು ಕೂರುತ್ತಿದ್ದವು, ಹೆಂಗಸರು ಬಾಯಿ ಮಾಡುತ್ತಿದ್ದರು.

"ಬಂದಾ ನೋಡು. ತಿಂಬುದಿಲ್ಲ, ಕೊಂಬುದಿಲ್ಲ, ಮುಟ್ಟಿ ಮುಟ್ಟಿ ಮೈಲಿಗೆ ಮಾಡುಕೆ ಬಂದಾ" ಎಂದು ಮೊದಲು ಶುರುಮಾಡುತ್ತಿದ್ದವಳು ಗಣಪಿ. ಕುಮಟೆ ಕಡೆಯ ಹರಿಕಂತ್ರರ, ಮೀನುಗಾರರ ಪೈಕಿ ಹೆಂಗಸು. ಬೆಳಗಾಗುವಷ್ಟರಲ್ಲಿ ಮೀನಿನ ಟೆಂಪೋದಲ್ಲಿ ಘಟ್ಟ ಹತ್ತಿ ಬಂದು ಬಾಗಿಲ ಪಕ್ಕದ ಜಾಗದಲ್ಲಿ ಕೂರುವವಳು. ಆ ಜಾಗ ಅವಳ ಅತ್ತೆಯದ್ದಾಗಿತ್ತು. ಬಾಯಿ ಮಾತ್ರ ಅವಳದ್ದೇ.

ಈ ಅಳತೆಯ ಕತೆ ಹೀಗೆ. ಸಮುದ್ರದಲ್ಲಿ ಮೀನು ಎಷ್ಟಿದೆ ಎಂದು ಸರಕಾರಕ್ಕೆ ಗೊತ್ತಾಗಬೇಕು. ಗೊತ್ತಾದರೆ ತಾನೇ ಎಷ್ಟು ಹಿಡಿಯಬಹುದು, ಯಾವ ತಿಂಗಳು ಬಲೆ ಒಣಗಹಾಕಬೇಕು, ಎಷ್ಟು ಸಣ್ಣದನ್ನು ಹಿಡಿದರೆ ತಪ್ಪು ಎಂದು ಹೇಳಲು ಬರುವುದು? ಮೀನುಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಲು ಬರುವುದಿಲ್ಲವಲ್ಲ. ಹಾಗಾಗಿ ಬಂದರಿಗೆ ಬಂದ ದೋಣಿಗಳಲ್ಲಿ ಕೆಲವನ್ನು ಆರಿಸಿ, ಅವುಗಳ ಬುಟ್ಟಿಗಳಲ್ಲಿ ಕೆಲವನ್ನು ತೂಗಿ, ಆ ಬುಟ್ಟಿಗಳ ಮೀನುಗಳಲ್ಲಿ ಕೆಲವನ್ನು ಅಳೆದು, ಉಳಿದದ್ದನ್ನು ಗುಣಾಕಾರಕ್ಕೆ ಬಿಡುತ್ತಾರೆ. ಅನ್ನ ಬೆಂದಿತೋ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಪದ್ಧತಿಯಲ್ಲಿ ತಪ್ಪೇನಿಲ್ಲ, ಅಗುಳನ್ನು ತೆಗೆದದ್ದು ಯಾವ ಪಾತ್ರೆಯಿಂದ ಎಂಬುದೊಂದೇ ಪ್ರಶ್ನೆ. ಬಂದರಿನ ಲೆಕ್ಕವನ್ನು ತಾಳೆ ನೋಡುವುದಕ್ಕೆ ಘಟ್ಟದ ಮೇಲೂ ಒಬ್ಬ ಬೇಕೆಂದು ಯಾರಿಗೋ ಹೊಳೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಾರುಕಟ್ಟೆಗಳಿಗೆ ಸರದಿಯಲ್ಲಿ ಹೋಗಿ, ಏರಿ ಬಂದ ಮೀನನ್ನು ಅಳೆದು ಟ್ಯಾಬಿಗೆ ತುಂಬುವುದು ಅವನ ಕೆಲಸ. ಗುತ್ತಿಗೆಯ ಕೆಲಸ, ವರ್ಷಕ್ಕೊಮ್ಮೆ ಕೈಮುಗಿದು ಮುಂದುವರಿಸಿಕೊಳ್ಳಬೇಕು.

ಚನ್ನಬಸವನನ್ನು ಆರಿಸಿದ್ದೇ ಒಂದು ತಮಾಷೆ. ಬನವಾಸಿ ಕಡೆಯ ಲಿಂಗವಂತರ ಹುಡುಗ, ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ. ಸಂದರ್ಶನದಲ್ಲಿ ಮೇಲ್ವಿಚಾರಕ ದಿನಕರ ಕೇಳಿದ್ದು ಎರಡೇ ಮಾತು.

"ಮೀನು ತಿಂತೀರಾ?"

"ಇಲ್ರೀ. ನಮ್ಮ ಮನ್ಯಾಗ ತತ್ತಿನೂ ಒಳಗ ಬರಂಗಿಲ್ಲ."

"ದೋಣಿ, ಬಲೆ ಇರೋ ನೆಂಟರು?"

"ಯಾರೂ ಇಲ್ರೀ."

ದಿನಕರನಿಗೆ ಸಂತೋಷವಾಯಿತು. ಬೇಡದವನ ಲೆಕ್ಕ ಚೊಕ್ಕವಾಗಿರುತ್ತದೆ ಎಂದು ಅವನ ಸಿದ್ಧಾಂತ. ಮೀನೆಂದರೇನು ಎಂದೇ ಗೊತ್ತಿಲ್ಲದವನನ್ನು ಮೀನೆಣಿಸಲು ಇಟ್ಟುಕೊಂಡು ಅವನು ನಿಶ್ಚಿಂತನಾದ.

ಮಾರುಕಟ್ಟೆಯಲ್ಲಿ ಬೈಗುಳ ಉಂಡು ಮನೆಗೆ ಹೋದರೆ ಅಲ್ಲಿ ಬೇರೆ ಊಟ ಕಾದಿರುತ್ತಿತ್ತು. ಅಪ್ಪ ಚಂದ್ರಶೇಖರಪ್ಪ ಅನಾನಸು ಬೆಳೆಗಾರ, ಹಣೆಯ ತುಂಬ ವಿಭೂತಿ, ಊರ ಪಂಚಾಯ್ತಿಯಲ್ಲಿ ಕೊನೆಯ ಮಾತು ಅವನದ್ದು. ಮಗ ಕೆಲಸಕ್ಕೆ ಸೇರಿದಂದಿನಿಂದ ಅವನ ಪಂಕ್ತಿಯಲ್ಲಿ ಕೂತು ಉಂಡವನಲ್ಲ. ಅವ್ವ ನೀಲಗಂಗವ್ವನಿಗೆ ಮಗನ ಮೇಲೆ ಪ್ರೀತಿ ಇತ್ತು, ಆದರೆ ಅದು ಹಿತ್ತಿಲ ಕಲ್ಲಿನ ಮೇಲೆ ಸ್ನಾನವಾದ ನಂತರ ಶುರುವಾಗುವ ಪ್ರೀತಿ. "ಮುಟ್ಟಬ್ಯಾಡ, ಅಲ್ಲೇ ನಿಂದರು" ಎಂದು ದೂರದಿಂದಲೇ ಚೊಂಬು ತೋರಿಸುತ್ತಿದ್ದಳು. ಅತ್ತ ದರಿ, ಇತ್ತ ಪುಲಿ. ನಡುವೆ ಚನ್ನಬಸವ ಹಲ್ಲು ಕಚ್ಚಿಕೊಂಡು ಅಳತೆಯ ಹಲಗೆ ಹೊತ್ತು ತಿರುಗುತ್ತಿದ್ದ. ಅವನಿಗೂ ಸಿಟ್ಟು ಕಡಿಮೆಯದ್ದಲ್ಲ, ಅಪ್ಪನದ್ದೇ ರಕ್ತ.

ಆ ಸಿಟ್ಟಿನಲ್ಲೇ ಒಂದು ಮಳೆಗಾಲದ ಕೊನೆಯಲ್ಲಿ ಗಣಪಿಯ ಬುಟ್ಟಿಗೆ ಕೈಹಾಕಿದ. ಅವಳು ಅಂದು ಅವನ ಅಪ್ಪ ಅಮ್ಮ ಇಬ್ಬರನ್ನೂ ಸೇರಿಸಿ ಬೈದಿದ್ದಳು. ಅಳೆದಳೆದು ನೋಡಿದರೆ, ಕಾನೂನು ಗೊತ್ತುಮಾಡಿದ್ದಕ್ಕಿಂತ ಗಿಡ್ಡವಾದ ಬಂಗಡೆ ಒಂದು ಹಿಡಿ ಸಿಕ್ಕಿತು. ಸರಿಯಾಗಿಯೇ ತುಂಬಿದ, ಒಂದು ಕೂದಲೆಳೆಯಷ್ಟೂ ಹೆಚ್ಚು ಬರೆಯಲಿಲ್ಲ. ಆದರೆ ತುಂಬುವಾಗ ಖುಷಿಪಟ್ಟ. ಮತ್ತೆರಡು ಸರದಿ ಬೇಕೆಂದೇ ಅವಳ ಬುಟ್ಟಿಯನ್ನೇ ಅಳೆದ.

ಗುಣಾಕಾರ ತನ್ನ ಕೆಲಸ ಮಾಡಿತು. ಗಣಪಿಯ ಒಂದು ಹಿಡಿ ಬಂಗಡೆ ಕಂಪ್ಯೂಟರಿನೊಳಗೆ ಹೋಗಿ ಲಾರಿ ಲಾರಿ ಮರಿಮೀನಾಗಿ ಹೊರಬಂತು. ಬಂದರಿನಲ್ಲಿ ಇಳಿದ ಮರಿಮೀನೆಲ್ಲ ಎಲ್ಲಿ ಮಾಯವಾಗುತ್ತಿದೆ ಎಂದು ಮೇಲಿನವರು ತಲೆಕೆಡಿಸಿಕೊಂಡಿದ್ದರು, ಈಗ ಉತ್ತರ ಸಿಕ್ಕಿತು. ಘಟ್ಟದ ಮೇಲೆ ಬುಟ್ಟಿ ಇಟ್ಟು ಮಾರುವ ಹೆಂಗಸರೇ ಅದಕ್ಕೆ ಗಿರಾಕಿಗಳಂತೆ! ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರಲ್ಲ, ಇಲ್ಲಿ ಕೋತಿ ಯಾವುದೆಂದು ನೋಡುವ ಗೊಡವೆಗೂ ಯಾರೂ ಹೋಗಲಿಲ್ಲ. ಗಣಪಿಯ ಬುಟ್ಟಿ ಜಪ್ತಾಯಿತು. ತಿಂಗಳ ಕೊನೆಗೆ ವಿಚಾರಣೆ, ಅಲ್ಲಿಯ ತನಕ ಕೂರುವಂತಿಲ್ಲ, ಆಮೇಲೆ ಜಾಗವೇ ರದ್ದು ಎಂದು ಚೀಟಿ ಬಂತು.

ಮುಂದಿನ ಸರದಿಗೆ ಚನ್ನಬಸವ ಹೋದಾಗ ಮೀನು ತೊಳೆದ ನೀರು ಅವನ ನೆತ್ತಿಯ ಮೇಲೆ ಬಿತ್ತು. ಯಾರು ಎರಚಿದರೆಂದು ಹೇಳುವುದು ಕಷ್ಟ, ಎಲ್ಲರ ಕೈಯಲ್ಲೂ ತಂಬಿಗೆ ಇತ್ತು. ಗಣಪಿ ಬರಿಗೈಯಲ್ಲಿ ಬಾಗಿಲ ಹೊರಗೆ ನಿಂತಿದ್ದಳು.

"ನನ್ನ ಬುಟ್ಟಿಲಿದ್ದ ನಾಕು ಬಂಗಡೆ ಕಂಡ್ತು ನಿಂಗೆ. ಚೀಲಗಟ್ಲೆ ಘಟ್ಟ ಹತ್ತಿ ಹೋಗುದು ಕಾಣ್ಲಿಲ್ವಾ? ಕಣ್ಣಿಲ್ದಿದ್ರೂ ಮೂಗಾದ್ರೂ ಇತ್ತಲ್ಲ!" ಎಂದಳು.

"ಯಾವ ಚೀಲ?"

"ಅದನ್ನೂ ನಾನೇ ಹೇಳ್ಬೇಕಾ? ಸಂಬಳ ನಂಗೆ ಕೊಡು, ಹೇಳ್ತೆ."

ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಊರಲ್ಲಿಳಿದು ಮನೆಯ ಅಂಗಳಕ್ಕೆ ಬಂದ. ಅವ್ವ ಎಂದಿನಂತೆ ಮೂಗಿಗೆ ಸೆರಗು ಹಿಡಿದು ಹಿತ್ತಿಲ ಕಡೆ ಕೈ ತೋರಿಸಿದಳು. ಅವನು ಹೋಗಲಿಲ್ಲ. ನಿಂತಲ್ಲೇ ಮೂಗು ಏರಿಸಿದ. ತನ್ನ ಮೈಯ ನಾತ ಇತ್ತು, ಸರಿ. ಆದರೆ ಅದೇ ನಾತ ಅಂಗಳದ ಎಡಗಡೆಯ ಕೊಟ್ಟಿಗೆಯಿಂದಲೂ ಬರುತ್ತಿತ್ತು. ಅವನು ಹುಟ್ಟಿದಾಗಿನಿಂದ ಬರುತ್ತಿತ್ತು.

ಕೊಟ್ಟಿಗೆಯಲ್ಲಿ ಗೊಬ್ಬರದ ಚೀಲಗಳಿದ್ದವು. ಅನಾನಸಿನ ಬುಡಕ್ಕೆ ಹಾಕುವ 'ಘಟ್ಟದ ಕೆಳಗಿನ ಗೊಬ್ಬರ'. ಊರಿನಲ್ಲಿ ಎಲ್ಲರೂ ತರಿಸುತ್ತಾರೆ, ಎಲ್ಲರೂ ಹಾಗೆಯೇ ಕರೆಯುತ್ತಾರೆ. ಚಿಕ್ಕಂದಿನಲ್ಲಿ ಅವನೇ ಬೆನ್ನ ಮೇಲೆ ಹೊತ್ತು ಹೊಲಕ್ಕೆ ಹಾಕಿದ್ದಾನೆ. ಒಂದು ಚೀಲದ ಬಾಯಿ ಬಿಚ್ಚಿ ನೆಲಕ್ಕೆ ಸುರಿದ. ಬಿಸಿಲಿಗೆ ಒಣಗಿಸಿದ ತಾರ್ಲೆ ಮೀನು, ಬಂಗಡೆ. ತಲೆ, ಕಣ್ಣು, ಬಾಲ ಎಲ್ಲ ಇದ್ದವು. ಒಂದೂ ಬೆರಳಿಗಿಂತ ಉದ್ದವಿರಲಿಲ್ಲ. ಹಲಗೆ ತೆಗೆದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಳೆಯತೊಡಗಿದ. ಒಣಗಿ ಕುಗ್ಗಿದ್ದಕ್ಕೆ ಎಷ್ಟು ಬಿಟ್ಟು ಲೆಕ್ಕಹಾಕಿದರೂ ಎಲ್ಲವೂ ಮರಿಗಳೇ. ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು. ತಿನ್ನುವುದು ಮಾತ್ರ ಮೀನು ಎಂದುಕೊಂಡು ಮೂರು ತಾಲೂಕಿನ ಮಾರುಕಟ್ಟೆ ಸುತ್ತಿದವನು, ಉಣ್ಣದವರ ಮನೆಯಲ್ಲಿ ಹುಡುಕಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಏನ್ ನಡಸೀಯಲೇ ಇಲ್ಲಿ?" ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಮೀನ ಅಳೀಲಿಕ್ಕತ್ತೇನಿ."

"ಬಾಯಿ ಮುಚ್ಚು. ಮೀನಲ್ಲ ಅವು, ಗೊಬ್ಬರ."

"ಕಣ್ಣ ಅದಾವ ನೋಡಪ್ಪಾ. ಗೊಬ್ಬರಕ್ಕ ಕಣ್ಣ ಇರ್ತಾವೇನು? ಇವನ್ನ ಲೆಕ್ಕಕ್ಕ ಹಿಡೀಬೇಕು. ಇಲ್ಲಾಂದ್ರ ಆ ಹೆಂಗಸಿನ ಜಾಗ ಹೋಗ್ತೈತಿ, ಮಾಡದ ತಪ್ಪಿಗೆ."

"ಹೋಗ್ಲಿ. ಅಕಿ ನಿನಗೇನಾಗಬೇಕು? ಈ ಮನ್ಯಾಗ ಮೀನ ಐತಿ ಅಂತ ಸರಕಾರದಾಗ ಬರಸ್ತಿಯೇನು? ನಾಳೆ ನಾ ಯಾವ ಮಾರಿ ಹೊತ್ತು ಪಂಚಾಯ್ತಿಗೆ ಕೂಡ್ಲಿ? ಬರದಿ ಅಂದ್ರ ನೀ ನನ್ನ ಮಗ ಅಲ್ಲ, ತಿಳ್ಕೊ."

ಚನ್ನಬಸವ ಆ ಸಂಜೆಯೇ ದಿನಕರನ ಮುಂದೆ ಹೋಗಿ ನಿಂತ. ದಿನಕರ ಎಲೆಯಡಿಕೆಯ ಕವಳ ಜಗಿಯುತ್ತ ಪೂರ್ತಿ ಕೇಳಿ, ಉಗಿದು ಬಂದು, "ಎಂತ ಮಾರಾಯಾ, ಮಾರುಕಟ್ಟೆ ನೋಡು ಅಂದ್ರೆ ನೀನು ಕೊಟ್ಟಿಗೆ ಹೊಕ್ಕೆಯಲ್ಲ" ಎಂದ. "ಗೊಬ್ಬರವಾದ್ರೆ ಅದು ಕೃಷಿಯವರ ತಲೆನೋವು, ನಮ್ಮದಲ್ಲ. ಮಾಲೀಕ ಅದನ್ನು ಮೀನು ಅಂತ ಒಪ್ಪಿದ್ರೆ ಮಾತ್ರ ನಾನು ತೂಗಿ ಲೆಕ್ಕಕ್ಕೆ ಹಾಕ್ಬಹುದು. ನಿಮ್ಮ ಅಪ್ಪ ಒಪ್ತ್ರಾ?"

"ನೀವು ಬಂದು ಕೇಳ್ರಿ ಸರ್."

ವಿಚಾರಣೆಗೆ ಸ್ವಲ್ಪ ಮುಂಚೆ ದಿನಕರ ತೂಕದ ಯಂತ್ರದೊಂದಿಗೆ ಬಂದಿಳಿದ. ಸರಕಾರದ ಜೀಪು ನಿಂತರೆ ಊರು ಸುಮ್ಮನಿರುತ್ತದೆಯೇ? ಅರ್ಧ ಊರು ಚಂದ್ರಶೇಖರಪ್ಪನ ಅಂಗಳದಲ್ಲಿ ನೆರೆಯಿತು. ಒಬ್ಬೊಬ್ಬರ ಕೊಟ್ಟಿಗೆಯಲ್ಲೂ ಅದೇ ಚೀಲಗಳಿದ್ದವು, ಒಬ್ಬೊಬ್ಬರ ಮುಖದಲ್ಲೂ ಏನೂ ತಿಳಿಯದ ಭಾವ.

"ಯಜಮಾನರೇ, ಚೀಲದಲ್ಲಿ ಎಂತ ಇದೆ?" ಎಂದ ದಿನಕರ.

"ಗೊಬ್ಬರ ಐತ್ರಿ."

"ಒಂದು ಬಿಚ್ಚಲಾ?"

ಉತ್ತರಕ್ಕೆ ಕಾಯದೆ ಚನ್ನಬಸವ ಚೀಲವನ್ನು ಅಂಗಳದ ಮಧ್ಯಕ್ಕೆ ಎಳೆದು ಬೋರಲು ಹಾಕಿದ. ಮೀನು ಹರಡಿಕೊಂಡವು. ಜನ ಹಿಂದೆ ಸರಿದರು. ಪಕ್ಕದ ಮನೆಯ ಪಾರ್ವತವ್ವ, ಹಿಂದಿನ ವಾರವಷ್ಟೇ ತನ್ನ ಹೊಲಕ್ಕೆ ಇದನ್ನೇ ಇಳಿಸಿಕೊಂಡವಳು, ಎದೆಯ ಮೇಲೆ ಕೈಯಿಟ್ಟು, "ಶಿವ ಶಿವಾ! ಮೀನಲ್ಲೇನೋ ಯಪ್ಪಾ ಇವು! ಚಂದ್ರಶೇಖರಪ್ಪಾರ ಮನ್ಯಾಗ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು.

ಚಂದ್ರಶೇಖರಪ್ಪನ ವಿಭೂತಿ ಬೆವರಿಗೆ ಕರಗುತ್ತಿತ್ತು. ಅತ್ತಿತ್ತ ನೋಡಿದ. ಕಡೆಗೆ ಮಗನ ಕಡೆ ಬೆರಳು ಮಾಡಿದ.

"ಈ ಮೀನ ನಮ್ಮವಲ್ರೀ. ಇಂವ ಮೀನಿನ ನೌಕರಿ ಮಾಡಾವ, ಇವನ ಎಲ್ಲಿಂದೋ ತಂದು ಒಟ್ಟ್ಯಾನ. ಬೇಕಾದ್ರ ಊರಾಗ ಯಾರನ್ನಾದ್ರೂ ಕೇಳ್ರಿ."

"ಹೌದ್ ಹೌದು, ಅವನವ" ಎಂದಿತು ಊರು, ಒಂದೇ ಬಾಯಿಯಲ್ಲಿ.

ಚನ್ನಬಸವನಿಗೆ ಸಿಟ್ಟು ನೆತ್ತಿಗೇರಿತು. ಚೀಲ ತರುವ ಲಾರಿಯವನ ಹೆಸರು ಗೊತ್ತಿತ್ತು, ಯಾರ ಯಾರ ಕೊಟ್ಟಿಗೆಗೆ ಎಷ್ಟು ಇಳಿಯಿತೆಂಬುದೂ ಗೊತ್ತಿತ್ತು. ಎಲ್ಲ ನಾಲಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿದ್ದ ಅವ್ವನ ಕಡೆ ನೋಡಿದ. ಅವಳಿಗೆ ಎಲ್ಲ ಗೊತ್ತಿತ್ತು. ಅವಳು ನೆಲ ನೋಡಿದಳು.

ಆಗ ಅವನಿಗೆ ಹೊಳೆಯಿತು. ಅಪ್ಪನವು ಎಂದು ವಾದಿಸಿದರೆ ಇವು ಮತ್ತೆ ಗೊಬ್ಬರವಾಗುತ್ತವೆ, ಜೀಪು ಬಂದ ದಾರಿ ಹಿಡಿಯುತ್ತದೆ. ಹುಟ್ಟಿದಾಗಿನಿಂದ ಗೊಬ್ಬರ ಅಂದವರ ಬಾಯಲ್ಲಿ ಈಗ, ಮಗನ ತಲೆಗೆ ಕಟ್ಟುವ ನೆಪದಲ್ಲಾದರೂ, ಮೀನು ಎಂಬ ಮಾತು ಬಂದಿತ್ತು. ಹೌದೆಂದು ಒಪ್ಪುವ ಮಾಲೀಕನೊಬ್ಬನೇ ಬಾಕಿ.

"ಹೌದ್ರಿ ಸರ್" ಎಂದ. "ಮೀನ ನಂದ. ಅಷ್ಟೂ ಚೀಲ ತೂಗಿ ಬರಕೊಳ್ರಿ."

ದಿನಕರ ಅವನನ್ನು ಪಕ್ಕಕ್ಕೆ ಎಳೆದ. "ಹುಚ್ಚಾ, ನಿನ್ನ ಹೆಸರು ಹಾಕಿದ್ರೆ ನಾಳೆಯಿಂದ ಕೆಲಸ ಇಲ್ಲ. ಅಳೆಯುವವನೇ ಮಾಲು ಇಟ್ಟುಕೊಂಡ ಹಾಗಾಗ್ತದೆ."

"ಗೊತ್ತೈತ್ರಿ. ಬರಕೊಳ್ರಿ."

ತೂಗುವುದು ಮಧ್ಯಾಹ್ನದ ತನಕ ನಡೆಯಿತು. ಊರವರು ಮೂಗು ಮುಚ್ಚಿಕೊಂಡೇ ಕೊನೆಯ ತನಕ ನಿಂತು ನೋಡಿದರು. ಜೀಪು ಹೋದ ಮೇಲೆ ಚಂದ್ರಶೇಖರಪ್ಪ ಮಗನ ಬಟ್ಟೆಯ ಚೀಲವನ್ನು ಹೊರಗೆ ತಂದಿಟ್ಟು ಬಾಗಿಲು ಹಾಕಿದ.

ಗುಣಾಕಾರ ಈ ಸಲ ಗಣಪಿಯ ಪರವಾಗಿ ನಿಂತಿತು. ಒಂದು ಕೊಟ್ಟಿಗೆಯಲ್ಲೇ ಇಷ್ಟಿದ್ದರೆ ಉಳಿದ ತೋಟಗಳಲ್ಲಿ ಎಷ್ಟಿರಬೇಕು ಎಂದು ಮೇಲಿನವರ ತಲೆ ತಿರುಗಿತು. ಬುಟ್ಟಿಯವರ ಪಾಲು ಅದರ ಮುಂದೆ ಯಾವ ಮೂಲೆಗೂ ಸಾಲದ್ದೆಂದು ವಿಚಾರಣೆಯಲ್ಲಿ ಒಪ್ಪಿ, ಅವಳ ಜಾಗ ಬಿಟ್ಟುಕೊಟ್ಟರು. ಚನ್ನಬಸವ ಶಿರಸಿಯಲ್ಲೇ ಒಂದು ಕೋಣೆ ಹಿಡಿದು, ಕೆಲಸ ಹುಡುಕುತ್ತ ತಿರುಗುತ್ತಿದ್ದ. ಒಂದು ಬೆಳಿಗ್ಗೆ ಮಾರುಕಟ್ಟೆಗೆ ಹೋದ. ಏಕೆ ಹೋದನೆಂದು ಕೇಳಿದರೆ ಇವತ್ತಿಗೂ ಹೇಳಲಾರ. ಒಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆ ಇತ್ತು, ಬೇರೇನಿಲ್ಲ.

ಗಣಪಿ ತನ್ನ ಜಾಗದಲ್ಲಿ ಕೂತು ಬಂಗಡೆಗೆ ನೀರು ಚಿಮುಕಿಸುತ್ತಿದ್ದಳು.

"ಕೆಲ್ಸ ಹೋಯ್ತಂತೆ?"

"ಹೋತು."

"ಅಪ್ಪ ಹೊರಗೆ ಹಾಕಿದ್ನಂತೆ?"

"ಹೂಂ. ತನ್ನ ತಪ್ಪ ನನ್ನ ತಲೀಗೆ ಕಟ್ಟಿದ. ಊರವರೆಲ್ಲ ಹೌದಂದ್ರು. ಹೊಟ್ಟಿ ಉರೀತೈತಿ ನನಗ."

ಗಣಪಿ ಕೈ ನಿಲ್ಲಿಸಿ ಮೊದಲ ಬಾರಿಗೆ ಅವನನ್ನು ನೆಟ್ಟಗೆ ನೋಡಿದಳು.

"ನಿನ್ನ ಅಪ್ಪನ ಮೀನು ನಿನ್ನ ತಲೆಗೆ ಕಟ್ಟಿದ್ದಕ್ಕೇ ಇಷ್ಟು ಉರೀತದೆ ನಿಂಗೆ" ಎಂದಳು. "ಅದೇ ಮೀನು ನೀನು ನನ್ನ ತಲೆಗೆ ಕಟ್ಟಿದ್ಯಲ್ಲ, ನಾನು ಎಷ್ಟು ಉರ್ದಿರ್ಬೇಕು?"

ಅಷ್ಟರಲ್ಲಿ ಗಿರಾಕಿ ಬಂದ. ಗಣಪಿ, "ಸರಿ ಅತ್ಲಾಗೆ, ಬೆಳಕು ಬರ್ಲಿ" ಎಂದು ಚನ್ನಬಸವನನ್ನು ಕೈಯಿಂದ ಆಚೆ ಸರಿಸಿ ಬಂಗಡೆ ಎತ್ತಿ ತೋರಿಸಿದಳು.